ಗದ್ದ ಎತ್ತಿ ಹೇಳುವ ‘ಇಲ್ಲ’

ಅಮೆರಿಕದ ರೆಂಟನ್‌ನಲ್ಲಿ ನನ್ನ ತಂಗಿಯ ಮನೆ ಹತ್ತಿರ ಒಂದು ಪುಟ್ಟ ಇಟಾಲಿಯನ್ ಕಾಫಿ ಅಂಗಡಿ. ಕೌಂಟರಿನಲ್ಲಿ ಉತ್ತರ ಇಟಲಿಯ ಮಿಲಾನಿನ ಲೂಚಿಯಾ. ಒಳಗೆ ಬ್ರೆಡ್ ಬೇಯಿಸುವ ಗಂಡ ಸಾಲ್ವೊ, ದಕ್ಷಿಣದ ತುದಿಯ ಸಿಸಿಲಿ ದ್ವೀಪದವನು.

“ಸಕ್ಕರೆ ಹಾಕ್ಲಾ?” ಎಂದು ಆಕೆ ಕೇಳಿದಾಗ, ನಮ್ಮೂರಿನ ಅಭ್ಯಾಸದಂತೆ ಗದ್ದ ಮೇಲೆತ್ತಿ “ಚ್ಚ್” ಎಂದು ಲೊಚಗುಟ್ಟಿದೆ. ಆಕೆಯ ಮುಖ ಸಣ್ಣಗಾಯಿತು.

ಹಿಟ್ಟು ಮೆತ್ತಿದ ಕೈಯಲ್ಲೇ ಸಾಲ್ವೊ ಓಡಿಬಂದ. “ಬೇಡ ಅಂದ್ರು ಕಣೇ! ನಮ್ಮ ಸಿಸಿಲೀಲೂ ಹೀಗೇ.”

“ನಮ್ಮ ಮಿಲಾನಲ್ಲಿ ಸುಮ್ನೆ ತಲೆ ಅಲ್ಲಾಡಿಸ್ತೀವಿ. ಮೂವತ್ತು ವರ್ಷ ಆಯ್ತು, ಇವನ ಚ್ಚ್ ನನಗಿನ್ನೂ ಬೈದ ಹಾಗೇ ಕೇಳತ್ತೆ,” ಎಂದು ಗೊಣಗುತ್ತಲೇ ಲೂಚಿಯಾ ನನ್ನ ಕಾಫಿಯ ಪಕ್ಕ ಒಂದು ಬಿಸಿ ಬನ್ ಇಟ್ಟಳು.

“ಏನೇ ಆದ್ರೂ ಇಬ್ಬರೂ ಇಟಲಿಯವರೇ ಅಲ್ವಾ?” ಎಂದೆ.

ಸಾಲ್ವೊ ಹೆಂಡತಿಯ ಹೆಗಲ ಮೇಲೆ ಹಿಟ್ಟಿನ ಕೈಯಿಟ್ಟು, ಗದ್ದ ಎತ್ತಿದ.

“ಚ್ಚ್.”