ಗೇಟಿನ ಅಂಗಿ

“ಅಮ್ಮಾ, ಕೈ ತಗೀರಿ! ಅದರ ಅಂಗಿ ಯಾಕ ಬಿಚ್ಚಾಕತ್ತೀರಿ?”

ಬೀದಿಯಿಂದ ಹೀಗೆ ಕೂಗಿದವರು ಕೌಲ್ ಬಜಾರಿನ ವೆಲ್ಡಿಂಗ್ ಸಾಹೇಬರು. ನಾನು ಹಿತ್ತಾಳೆ ಕೊಡ ತಿಕ್ಕುವ ಹಾಗೆ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ನಮ್ಮ ಗೇಟಿನ ತುಕ್ಕು ತಿಕ್ಕುತ್ತಿದ್ದೆ. ನಾಚಿ ಸೆರಗು ಎಳೆದುಕೊಂಡೆ. ಮೊಮ್ಮಕ್ಕಳೇ, ಎಂಬತ್ತರ ದಶಕದಲ್ಲಿ ಹಳೇ ರೈಲು ವ್ಯಾಗನ್ನಿನ ತಗಡು ತಂದು ಆ ಸಾಹೇಬರಿಂದ ಗೇಟು ಮಾಡಿಸಿದವರು ನಿಮ್ಮ ತಾತ. ಅವರು ತೀರಿಕೊಂಡ ಮೇಲೆ ಅದೂ ಹಾಳಾಗಬಾರದೆಂದು ಪ್ರತಿ ಸೋಮವಾರ ತಿಕ್ಕುತ್ತಿದ್ದೆ. ಮುಂದಿನ ಸೋಮವಾರದೊಳಗೆ ತುಕ್ಕು ಮತ್ತೆ ಬಂದಿರುತ್ತಿತ್ತು.

ಸಾಹೇಬರು ತಗಡು ತಟ್ಟಿ ನೋಡಿದರು. “ಇದು ಬ್ಯಾರೆ ಜಾತಿ ಕಬ್ಬಿಣರಿ. ಮ್ಯಾಲಿನ ತುಕ್ಕ ಒಳಗಿನ ಕಬ್ಬಿಣ ಕಾಯ್ತೈತಿ. ಹಿಂಗ ತಿಕ್ಕಿದ್ರ ಗೇಟ ಸವದು ನಿಮ್ಮ ಕೈಯಾಗ ಹುಣಸಿಹಣ್ಣಷ್ಟ ಉಳೀತೈತಿ. ಬುಡಕ್ಕ ನೀರು ನಿಲ್ಲದಂಗ ನೋಡ್ಕೊಳ್ರಿ, ಸಾಕು. ಯಜಮಾನ್ರಿಗೆ ಆವಾಗೇ ಹೇಳಿದ್ನಲ್ರಿ.”

ತಾತ ನನಗೆ ಹೇಳಿರಲಿಲ್ಲ. ಹೇಳುವ ಅಭ್ಯಾಸ ಅವರಿಗಿರಲಿಲ್ಲ.

ಅಂದಿನಿಂದ ಗೇಟಿನ ಬುಡದ ಮಣ್ಣನ್ನಷ್ಟೇ ತೆಗೆಯುತ್ತೇನೆ. ಗಂಡ ಹೋದ ಮೇಲೆ ಗೇಟು ನೋಡುವವರಿಲ್ಲ ಎಂದು ಓಣಿಯವರು ಮರುಗುತ್ತಾರೆ. ಗೇಟು ಗಟ್ಟಿಯಾಗಿದೆ.