ಕಿವಿ ಮೇಸ್ತ್ರಿ ಮತ್ತು ಹಿಂದಿನ ಗೋಡೆ

ನನ್ನ ಮೈದುನ ಯಾರ ಮನೆಗೆ ಹೋದರೂ ಮೊದಲು ಬೆರಳಿನ ಗೆಣ್ಣಿನಿಂದ ಗೋಡೆ ತಟ್ಟುತ್ತಿದ್ದ, ಕಿವಿಯಿಟ್ಟು ಕೇಳುತ್ತಿದ್ದ, ಆಮೇಲೆ ಕೂರುತ್ತಿದ್ದ. ಅದಕ್ಕೇ ಜನ ಅವನನ್ನು ಕಿವಿ ಮೇಸ್ತ್ರಿ ಅನ್ನುತ್ತಿದ್ದರು. ಒಂದು ಸಲ ಅವನಿಗೆ ಕೆಮ್ಮು ಜೋರಾಗಿ ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಇವನ ಎದೆಗೆ ಕೊಳವೆ ಇಟ್ಟರೆ ಇವನು ಪಕ್ಕದ ಗೋಡೆಗೆ ಕಿವಿ ಇಟ್ಟ.

“ಡಾಕ್ಟ್ರೇ, ನನಗಿಂತ ನಿಮ್ಮ ಗೋಡೆಗೇ ಜಾಸ್ತಿ ಕಫ ಕಟ್ಟಿದೆ.”

ನಾನು ನಾಚಿಕೆಯಿಂದ ತಲೆ ತಗ್ಗಿಸಿ ಕೂತೆ. ಡಾಕ್ಟರು ಮಾತ್ರ ನಕ್ಕರು. ಬೇಸಿಗೆ ಬಂದಾಗ ಆ ಗೋಡೆಯನ್ನು ಇವನ ಕೈಯಲ್ಲೇ ಸರಿಮಾಡಿಸಿಕೊಂಡರು.

ಮಣ್ಣಿನ ಮನೆ ಕಟ್ಟುವುದು ಅವನ ಕಸುಬು. ಪಾಯ ತೋಡಿದ ಮಣ್ಣನ್ನು ಹೊರಗೆ ಸಾಗಿಸಲು ಬಿಡುತ್ತಿರಲಿಲ್ಲ. ಅದನ್ನೇ ಜರಡಿ ಹಿಡಿದು, ಸ್ವಲ್ಪ ಸುಣ್ಣ ಬೆರೆಸಿ, ಅಚ್ಚಿನಲ್ಲಿ ಒತ್ತಿ, ನೆರಳಲ್ಲಿ ಒಣಗಿಸಿ ಇಟ್ಟಿಗೆ ಮಾಡುತ್ತಿದ್ದ. “ಒಂದು ಮನೆಯ ಇಟ್ಟಿಗೆ ಸುಡೋಕೆ ಎಷ್ಟು ಮರ ಬೂದಿ ಆಗುತ್ತೆ ಗೊತ್ತಾ ಅತ್ತಿಗೆ?” ಎಂದು ನನ್ನನ್ನೇ ಗದರಿಸುತ್ತಿದ್ದ, ನಾನೇನೋ ಇಟ್ಟಿಗೆ ಗೂಡು ಇಟ್ಟುಕೊಂಡವಳ ಹಾಗೆ. ಕೆಡವಿದ ಹಳೆಯ ಮನೆಗಳಿಂದ ಬಾಗಿಲು ಕಿಟಕಿ ತರುತ್ತಿದ್ದ. ಗಾಳಿ ಬರುವ ಕಡೆ ಕಿಟಕಿ, ಬಿಸಿಲು ಬಡಿಯುವ ಕಡೆ ದಪ್ಪ ಗೋಡೆ, ಚಾವಣಿಯ ನೀರೆಲ್ಲ ತೊಟ್ಟಿಗೆ. “ಫ್ಯಾನ್ ಅಂಗಡಿಯವನು ನನ್ನ ಕಂಡ್ರೆ ಮುಖ ತಿರುಗಿಸ್ತಾನೆ,” ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ನನ್ನ ಮಗಳು ಅಳಿಯ ಮನೆ ಕಟ್ಟಲು ಹೊರಟಾಗ ಅವನನ್ನೇ ಕೇಳಿದರು. ಯಜಮಾನರು ಹೋದ ಮೇಲೆ ನಾನು ಅವರ ಜೊತೆಯಲ್ಲೇ ಇದ್ದೆ. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಆದರೆ ಮಣ್ಣಿನ ಗೋಡೆ ಅಂದರೆ ನನಗೆ ಭಯ. ನನಗೆ ಏಳು ವರ್ಷವಿದ್ದಾಗ ಮಳೆಯಲ್ಲಿ ಪಕ್ಕದ ಮನೆಯ ಮಣ್ಣಿನ ಗೋಡೆ ಕುಸಿದಿತ್ತು. ದೊಡ್ಡ ಸದ್ದೇನೂ ಆಗಲಿಲ್ಲ. ಯಾರೋ ಮೂಟೆ ಇಳಿಸಿದ ಹಾಗೆ ‘ಧಬ್’ ಎಂದಿತು, ಅಷ್ಟೇ. ಒಳಗಿದ್ದ ಅಜ್ಜಿಯನ್ನು ಹೊರಗೆ ತೆಗೆದಾಗ ಅವಳ ಕೂದಲು ಯಾವುದು, ಮಣ್ಣು ಯಾವುದು ಗೊತ್ತಾಗಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಮನೆ ಮುಗಿದ ದಿನ ಮೇಸ್ತ್ರಿ ಅಳಿಯನನ್ನು ಕೂರಿಸಿಕೊಂಡು ಮಣ್ಣಿನ ಗೋಡೆ ನೋಡಿಕೊಳ್ಳುವುದು ಹೇಗೆಂದು ಎಲ್ಲ ವಿವರಿಸಿದ. ಅಳಿಯ ಪುಸ್ತಕದಲ್ಲಿ ಬರೆದುಕೊಂಡ. ನಾನು ಅಡುಗೆಮನೆಯಲ್ಲಿ ಪಾತ್ರೆ ಜೋಡಿಸುತ್ತಿದ್ದೆ. ನನಗೆ ಯಾರೂ ಏನೂ ಹೇಳಲಿಲ್ಲ.

ಹಿಂದಿನ ಗೋಡೆಗೂ ಪಕ್ಕದವರ ಕಾಂಪೌಂಡಿಗೂ ನಡುವೆ ಒಂದು ಸಂದು. ಅಡ್ಡಡ್ಡ ತೂರಿಕೊಂಡು ಹೋಗಬೇಕು, ಅಷ್ಟು ಕಿರಿದು. ಮೊದಲ ಮಳೆಗೇ ಪಕ್ಕದವರ ತಗಡಿನ ಚಾವಣಿಯ ನೀರು ಗೋಡೆಗೆ ಸಿಡಿಯುವುದನ್ನು ಕಂಡೆ. ಅಲ್ಲಿಂದ ನನಗೆ ಅನ್ನ ಸೇರಲಿಲ್ಲ. ಮೇಸ್ತ್ರಿ ಬೇರೆ ಊರಲ್ಲಿ ಶಾಲೆ ಕಟ್ಟಲು ಹೋಗಿ ಎರಡು ತಿಂಗಳು ಬರುವ ಹಾಗಿರಲಿಲ್ಲ. ನಾನು ಒಬ್ಬ ಸಣಕಲು ಗಾರೆಯವನನ್ನು ಹಿಡಿದು ಆ ಗೋಡೆಯ ಹೊರಮೈಗೆ ಎದೆಯೆತ್ತರಕ್ಕೆ ಸಿಮೆಂಟ್ ಬಳಿಸಿ, ಮೇಲೆ ಬಿಳಿ ಸುಣ್ಣ ಹೊಡೆಸಿಬಿಟ್ಟೆ.

“ಯಾರಮ್ಮ ಇವನು?” ಎಂದಳು ಮಗಳು.

“ನಿಮ್ಮ ಚಿಕ್ಕಪ್ಪನೇ ಕಳಿಸಿದ್ದು.”

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಒಂದು ವರ್ಷ ಹಾಯಾಗಿ ನಿದ್ದೆ ಮಾಡಿದೆ.

ಎರಡನೆಯ ಮಳೆಗಾಲಕ್ಕೆ ಮನೆಗೆ ಮೊಮ್ಮಗಳು ಬಂದಿದ್ದಳು. ಅವಳ ತೊಟ್ಟಿಲು ಹಿಂದಿನ ಕೋಣೆಯಲ್ಲಿ, ಆ ಗೋಡೆಯ ಮಗ್ಗುಲಲ್ಲೇ ಇತ್ತು. ಒಂದು ಬೆಳಿಗ್ಗೆ ನೆಲದಿಂದ ಮೊಳಕಾಲೆತ್ತರಕ್ಕೆ ಗೋಡೆ ಕಪ್ಪಾಗಿರುವುದು ಕಂಡಿತು. ಬೆರಳಿಟ್ಟರೆ ಮೆತ್ತಗೆ ಒಳಗೆ ಹೋಯಿತು. ಮರುದಿನ ಕಸ ಗುಡಿಸುವಾಗ ಒಂದು ಹಿಡಿ ಮಣ್ಣು ಬಂತು, ಅದರ ಮರುದಿನ ಎರಡು ಹಿಡಿ. ನಾನು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಹಿತ್ತಲಿಗೆ ಚೆಲ್ಲಿದೆ. ತೊಟ್ಟಿಲನ್ನು ನಡುಮನೆಗೆ ಎಳೆದೆ. ಅಲ್ಲಿ ಗಲಾಟೆ, ಮಗು ಮಲಗಲ್ಲ ಎಂದು ಮಗಳು ತಿರುಗಿ ಎಳೆದಳು. ಮಗುವಿನ ಪಕ್ಕದಲ್ಲಿ ಕೂತು ಗೋಡೆಯನ್ನೇ ನೋಡುತ್ತಿದ್ದೆ. ಬೀದಿಯಲ್ಲಿ ಲಾರಿ ಹೋದರೆ ನನ್ನ ಕೈ ತಾನಾಗಿ ತೊಟ್ಟಿಲ ಮೇಲೆ ಹೋಗುತ್ತಿತ್ತು.

ನಾಲ್ಕನೆಯ ದಿನ ತಡೆಯಲಾರದೆ ಮೇಸ್ತ್ರಿಗೆ ಹೇಳಿ ಕಳಿಸಿದೆ. ಬಂದ, ತಟ್ಟಿದ, ಕಿವಿಯಿಟ್ಟ. ತಟ್ಟನೆ ಎದ್ದ.

“ಮಗೂನ ಎತ್ಕೊಂಡು ಹೊರಗೆ ಹೋಗಮ್ಮ,” ಎಂದ ಮಗಳಿಗೆ. “ಯಾಕೆ ಅಂತ ಕೇಳ್ಬೇಡ, ನಡಿ.” ಆಮೇಲೆ ನೆಲದ ಮೇಲೆ ಕೂತುಬಿಟ್ಟ. “ಅತ್ತಿಗೆ, ನನ್ನ ಮಣ್ಣೇ ಕೆಟ್ಟಿದೆ. ಇದೇ ಅಳತೇಲಿ ಸುಣ್ಣ ಬೆರೆಸಿ ಹನ್ನೊಂದು ಮನೆ ಕಟ್ಟಿದೀನಿ. ಎಲ್ಲರಿಗೂ ಮನೆ ಬಿಡಿ ಅಂತ ಹೇಳ್ಬೇಕು.”

ನಾನೂ ಅವನ ಎದುರು ಕೂತೆ. “ನಿನ್ನ ಮಣ್ಣಲ್ಲ ಕಣಪ್ಪ. ನಾನು. ಹೊರಗೆ ಸಿಮೆಂಟ್ ಹಾಕಿಸಿದೀನಿ.”

ಬೈಯುತ್ತಾನೆ ಅಂದುಕೊಂಡೆ. ಅವನು ಕಣ್ಣು ಮುಚ್ಚಿಕೊಂಡ. “ಮಣ್ಣಿನ ಗೋಡೆ ಉಸಿರಾಡುತ್ತೆ ಅತ್ತಿಗೆ. ನೆನೆಯುತ್ತೆ, ಒಣಗುತ್ತೆ. ನೀವು ಅದರ ಮೂಗು ಬಾಯಿ ಕಟ್ಟಿದ್ರಿ. ಸಿಮೆಂಟಿನ ಬಿರುಕಲ್ಲಿ ಒಳಗೆ ಹೋದ ನೀರು ಹೊರಗೆ ಬರೋಕೆ ದಾರೀನೇ ಇಲ್ಲ.”

ಹೊರಗೆ ಮೋಡ ಕವಿಯುತ್ತಿತ್ತು. ಅವನು ಚಾವಣಿಯ ತೊಲೆಗಳಿಗೆ ಆರು ಕಂಬ ಆನಿಸಿದ. ಆಳುಗಳು ಮರುದಿನವಲ್ಲದೆ ಬರುವ ಹಾಗಿರಲಿಲ್ಲ, ಅಳಿಯ ಕೆಲಸದಿಂದ ಬರುವುದು ಸಂಜೆಗೆ. ಸಂದಿನ ಬಾಯಲ್ಲಿ ನಿಂತು ಮೇಸ್ತ್ರಿ ತನ್ನ ಹೊಟ್ಟೆ ನೋಡಿಕೊಂಡ.

“ಮಳೆ ಬರೋ ಮೊದಲು ಆ ಸಿಮೆಂಟ್ ಕೀಳ್ಬೇಕು. ಆದ್ರೆ ಇದು ಒಳಗೆ ಹೋಗಲ್ಲ.”

“ನಾನು ಹೋಗ್ತೀನಿ,” ಎಂದೆ.

“ಹುಚ್ಚಾ ನಿಮಗೆ? ಗೋಡೆ ಆ ಕಡೆ ಬಂದ್ರೆ ಓಡೋಕೆ ಜಾಗ ಇಲ್ಲ.”

“ಮಳೆ ಬಂದ್ರೆ?”

ಅವನು ಮೋಡ ನೋಡಿ ಉಳಿ ಸುತ್ತಿಗೆ ನನ್ನ ಕೈಗೆ ಕೊಟ್ಟ. “ಮೇಲಿಂದ ಶುರು ಮಾಡಿ. ಬಡೀಬೇಡಿ, ಉಳಿ ತೂರಿಸಿ ಮೆಲ್ಲಗೆ ಎಬ್ಬಿ. ನಾನು ಒಳಗಿಂದ ಕೇಳ್ತಿರ್ತೀನಿ. ನಿಲ್ಸಿ ಅಂದ್ರೆ ಉಸಿರು ಸಹಿತ ನಿಲ್ಸಿ.”

ಅಡ್ಡಡ್ಡ ತೂರಿಕೊಂಡು ಹೋದೆ. ಬೆನ್ನಿಗೆ ಕಾಂಪೌಂಡು, ಮೂಗಿನ ಮುಂದೆ ಗೋಡೆ. ಮೊದಲ ಹೆಂಚಿನಗಲ ಸಿಮೆಂಟು ಕಳಚಿದಾಗ ಅದರ ಹಿಂದಿನಿಂದ ಕೊಳೆತ ವಾಸನೆ ಬಂತು. ಉಳಿಗಿಂತ ನನ್ನ ಹೆಬ್ಬೆರಳಿಗೇ ಹೆಚ್ಚು ಏಟು ಬಿತ್ತು. ಕಿವಿಯ ತುಂಬ ಆ ‘ಧಬ್’ ಒಂದೇ. ಈಗ ಬರುತ್ತದೆ, ಈ ಏಟಿಗೆ ಬರುತ್ತದೆ ಅಂದುಕೊಳ್ಳುತ್ತಲೇ ಎಬ್ಬಿದೆ. ಒಳಗಿನಿಂದ ಅವನ ದನಿ ಬರುತ್ತಿತ್ತು: “ಹೂಂ... ಹೂಂ... ಇನ್ನೊಂಚೂರು ಎಡಕ್ಕೆ.” ಒಮ್ಮೆ ಇದ್ದಕ್ಕಿದ್ದಂತೆ “ನಿಲ್ಸಿ!” ಎಂದ. ಗೋಡೆಯೊಳಗೆ ಏನೋ ಜಾರಿದ ಸದ್ದು ನನಗೂ ಕೇಳಿತು. ಕಾಲ ಬಳಿ ಒಂದು ಇಟ್ಟಿಗೆ ಹಿಟ್ಟಿನ ಹಾಗೆ ಕರಗಿ ಇಳಿಯಿತು. ನಾನು ಕಣ್ಣು ಮುಚ್ಚಿ ಮೊಮ್ಮಗಳ ಮುಖ ನೆನೆಸಿಕೊಳ್ಳಲು ನೋಡಿದೆ, ಬರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತೆನೋ. “ನಿಂತಿದೆ. ಮುಂದುವರಿಸಿ,” ಎಂದ.

ಮಳೆ ಹನಿಯುವಷ್ಟರಲ್ಲಿ ಕೊನೆಯ ತುಂಡು ಕಿತ್ತೆ. ಅವನು ಮೊದಲೇ ಮೇಲೆ ಕಟ್ಟಿಟ್ಟಿದ್ದ ಟಾರ್ಪಾಲನ್ನು ಎಳೆದು ಗೋಡೆಗೆ ಹೊದಿಸಿದೆ. ತಗಡಿನ ನೀರಿಗೆ ಅಡ್ಡ ಹಲಗೆ ಇಟ್ಟು ತಿರುಗಿಸಿದೆ. ಸುತ್ತಿಕೊಂಡು ಕೋಣೆಗೆ ಬಂದರೆ ಮೇಸ್ತ್ರಿ ಗೋಡೆಗೆ ಬೆನ್ನು ಕೊಟ್ಟು, ಕಾಲು ಊರಿ ನಿಂತಿದ್ದ.

“ನೀನೇನು ಮಾಡ್ತಿದೀಯೋ ಇಲ್ಲಿ?”

“ನೀವೊಬ್ಬರೇ ಯಾಕೆ ಹೆದರ್ಬೇಕು ಅಂತ,” ಎಂದ. ತಮಾಷೆಗೆ ಹೇಳಿದ, ಆದರೆ ನಗು ಬರಲಿಲ್ಲ.

ಗೋಡೆ ಒಣಗಲು ಮೂರು ವಾರ ಬೇಕಾಯಿತು. ಕೆಳಗಿನ ಮೂರು ಸಾಲು ಬಿಚ್ಚಿ ಹೊಸ ಇಟ್ಟಿಗೆ ಕೂರಿಸಿ, ಸುಣ್ಣದ ಗಾರೆ ಬಳಿದ. ಪಕ್ಕದವರ ತಗಡಿಗೆ ನೀರಿಳಿಯುವ ದೋಣಿ ಕಟ್ಟಿ, ಆ ನೀರನ್ನೂ ನಮ್ಮ ತೊಟ್ಟಿಗೇ ತಿರುಗಿಸಿದ. ಮಗಳು ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅದು ನ್ಯಾಯವೇ.

ಗಾರೆ ಕಲಸುತ್ತಾ ಒಂದು ಮಧ್ಯಾಹ್ನ ಅವನು ಕೇಳಿದ, “ಅಷ್ಟು ಭಯ ಇತ್ತಲ್ಲ, ನನ್ನ ಹತ್ರ ಯಾಕೆ ಹೇಳಲಿಲ್ಲ?”

“ನೀನು ಕೇಳಲಿಲ್ಲ.”

ಅವನ ಕರಣೆ ಅಲ್ಲೇ ನಿಂತಿತು. ಅವತ್ತು ನಾನು ಆ ಪಕ್ಕದ ಮನೆಯ ಅಜ್ಜಿಯ ಕಥೆಯನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದೆ.

ಅದಾದ ಮೇಲೆ ಹದಿನಾರು ವರ್ಷ ಅವನು ಮನೆ ಕಟ್ಟಿದ. ಎಲ್ಲಿಗೆ ಹೋದರೂ ಪಾಯ ತೋಡುವ ಮೊದಲು ಮನೆಯವರನ್ನೆಲ್ಲ ಸೇರಿಸಿ, “ಈ ಮನೇಲಿ ಜಾಸ್ತಿ ಹೆದರೋರು ಯಾರು?” ಎಂದು ಕೇಳುತ್ತಿದ್ದನಂತೆ. ಜನ ನಗುತ್ತಾ ಯಾರನ್ನೋ ಮುಂದೆ ತಳ್ಳುತ್ತಿದ್ದರು, ಒಬ್ಬ ಅಜ್ಜಿಯನ್ನೋ ಸೊಸೆಯನ್ನೋ. ಅವನು ಮನೆಯ ಯಜಮಾನರನ್ನು ಬಿಟ್ಟು ಆ ಹೆದರುವವರ ಪಕ್ಕದಲ್ಲಿ ಹೋಗಿ ಕೂರುತ್ತಿದ್ದ.