ಅತ್ತಿಗೆ ತಿರುವಿ ಹಾಕಿದ ಕಾಲುಚೀಲಗಳು

ಸುರುಳಿ ಸುತ್ತಿ ಬಿಸಾಡಿದ ಕಾಲುಚೀಲ ಕಂಡರೆ ನಮ್ಮತ್ತಿಗೆಗೆ ಎಲ್ಲಿಲ್ಲದ ಸಿಟ್ಟು. ಹತ್ತೊಂಬತ್ತು ವರ್ಷದಿಂದ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಬಟ್ಟೆ ಒಗೆಯುವವರು ಅವರೇ. ಮೆಷಿನ್ ಇದೆ. ಆದರೂ ಒಂದೊಂದು ಕಾಲುಚೀಲಕ್ಕೂ ಕೈ ತೂರಿಸಿ, ಒಳಮೈ ಹೊರಗೆ ಮಾಡಿ, ಕೊಡವಿ, ಕೆಸರಿದ್ದರೆ ತೊಟ್ಟಿಯಲ್ಲಿ ಉಜ್ಜಿದ ಮೇಲೇ ಅದು ಮೆಷಿನ್ನಿಗೆ ಹೋಗಬೇಕು. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಇವರಿಗೆ ಕೈ ಕೆಸರಾದಷ್ಟೂ ಬಾಯಿ ಬಿರುಸು. “ಇದು ನಿನ್ನ ಕಾಲೋ, ಎಮ್ಮೆ ಕಾಲೋ?” ಎಂದು ಕಪ್ ಗೆದ್ದು ತಂದವರನ್ನೂ ನಿಲ್ಲಿಸಿ ಕೇಳುತ್ತಾರೆ. ಅವರು ನಕ್ಕು ಹೋಗುತ್ತಾರೆ, ಮುಂದಿನ ವಾರ ಮತ್ತೆ ಸುರುಳಿ ಸುತ್ತಿಯೇ ತರುತ್ತಾರೆ.

ಕ್ಲಬ್ಬಿನ ಕಾರ್ಯದರ್ಶಿ ನಾನು. ಮೂರು ವರ್ಷದ ಹಿಂದೆ ದೊಡ್ಡ ಮೈದಾನಕ್ಕೆ ಕೃತಕ ಹುಲ್ಲು ಹಾಸಿದೆವು. ಹಸಿರು ಪ್ಲಾಸ್ಟಿಕ್ ಎಳೆ, ಅದರ ನಡುವೆ ಸಾಸಿವೆಗಿಂತ ತುಸು ದಪ್ಪದ ಕಪ್ಪು ರಬ್ಬರ್ ಕಾಳು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ನಾನೇ. ಅತ್ತಿಗೆಯ ಮಣಿಕಟ್ಟು ಅಷ್ಟರಲ್ಲಾಗಲೇ ಕೆಟ್ಟಿತ್ತು. ಬೆಳಗ್ಗೆ ಎದ್ದರೆ ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಕೆಸರಿಲ್ಲದಿದ್ದರೆ ಉಜ್ಜುವುದೂ ಇಲ್ಲ ಎಂಬುದು ನನ್ನ ಲೆಕ್ಕಾಚಾರ. ಇನ್ನು ಉಳಿದದ್ದು ಪುಟಾಣಿಗಳ ಸಣ್ಣ ಮೈದಾನದ ಕೆಸರು. ಅದನ್ನೂ ಮುಗಿಸಿಬಿಡೋಣ ಎಂದು ಈ ವರ್ಷ ಅಲ್ಲಿಗೂ ಕೃತಕ ಹುಲ್ಲು ಹಾಸುವ ಪ್ರಸ್ತಾವ ತಂದೆ. ಕಾರಣ ಮಾತ್ರ ಬಾಯಿಬಿಡಲಿಲ್ಲ. ವರ್ಷವಿಡೀ ಆಡಬಹುದು ಎಂದಷ್ಟೇ ಬರೆದೆ.

ಊರು ಎರಡು ಪಾಲಾಯಿತು. ಆ ಕಾಳಿನಲ್ಲಿ ವಿಷವಿದೆ ಎನ್ನುವವರ ಕೈಯಲ್ಲೊಂದು ವರದಿ, ಇಲ್ಲವೇ ಇಲ್ಲ ಎನ್ನುವವರ ಕೈಯಲ್ಲಿ ಇನ್ನೊಂದು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡೇ ಎದ್ದುನಿಂತು ಜಗಳವಾಡಿದವರಿದ್ದಾರೆ. ನಮ್ಮ ಅಧ್ಯಕ್ಷರಂತೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಇಬ್ಬರಿಂದಲೂ ಬೈಸಿಕೊಂಡರು.

ತೀರ್ಮಾನದ ಸಭೆಗೆ, ಎಂದೂ ಬಾರದ ಅತ್ತಿಗೆ ಬಂದರು. ಮೇಲಕ್ಕೆ ಮಡಚಿದ ಬಟ್ಟೆಯ ತೋಳು ಇಳಿಸದೆ, ಒದ್ದೆ ಕೈಯಲ್ಲೇ ಒಂದು ಗಾಜಿನ ಡಬ್ಬಿ ತಂದು ಮೇಜಿನ ಮೇಲಿಟ್ಟರು. ಮುಕ್ಕಾಲು ಪಾಲು ಕಪ್ಪು ಕಾಳು.

“ಇದು ಒಂದು ತಿಂಗಳದ್ದು. ಬರೀ ಸಾಕ್ಸ್‌ನಲ್ಲಿ ಸಿಕ್ಕಿದ್ದು.”

ಹುಲ್ಲು ಹಾಸುವ ಕಂಪನಿಯವನು ಮುಗುಳ್ನಕ್ಕ. “ಇದರಿಂದ ಅಪಾಯ ಇಲ್ಲ ಅಂತ ವರದಿ ಇದೆ ಅಮ್ಮಾ.”

“ಇರಬಹುದಪ್ಪ. ವಿಷ ಹೌದೋ ಅಲ್ವೋ ಓದಿದವರು ಹೇಳಲಿ. ನನ್ನ ಕೈಗೆ ಸಿಕ್ಕಿದ್ದನ್ನ ಡಬ್ಬಿಗೆ ಹಾಕಿದೆ. ಸಿಗದೇ ಇದ್ದದ್ದು ನೀರಿನ ಜೊತೆ ಹೋಯ್ತಲ್ಲ, ಅದು ಎಲ್ಲಿಗೆ ಹೋಯ್ತು?”

ಅವನು ವರದಿಯ ಹಾಳೆ ತಿರುವಿದ, ಮತ್ತೆ ತಿರುವಿದ. ಒಗೆಯುವ ಕೋಣೆಯ ಹಿಂದಿನ ಮೋರಿ ನೇರ ತೊರೆಗೆ ಸೇರುತ್ತದೆ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತು.

“ದೊಡ್ಡವರಾದ್ರೆ ಕೊಡವಿಕೊಂಡು ಹೋಗ್ತಾರೆ. ಈ ಪುಟಾಣಿಗಳು ಬಿದ್ದು ಹೊರಳಾಡ್ತವೆ, ಬಾಯಿಗೂ ಹಾಕ್ಕೊಳ್ತವೆ. ಮಣ್ಣು ತಿಂದ್ರೆ ಏನಾಗುತ್ತೆ ಅಂತ ಗೊತ್ತು, ನಾವೆಲ್ಲ ತಿಂದವರೇ. ಇದನ್ನ ತಿಂದು ದೊಡ್ಡವರಾದವರನ್ನ ನಾನಿನ್ನೂ ನೋಡಿಲ್ಲ.”

ಸಭೆ ನಕ್ಕಿತು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಎದ್ದು ನಿಂತು, “ಅತ್ತಿಗೆ, ನಿಮ್ಮ ಕೈ ಉಳೀಲಿ ಅಂತಲೇ ಅಲ್ವಾ ನಾನಿದನ್ನ ತಂದಿದ್ದು! ನೀವೇ ಬಂದು ಕಲ್ಲು ಹಾಕ್ತೀರಲ್ಲ!” ಎಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅತ್ತಿಗೆ ತಮ್ಮ ಮಣಿಕಟ್ಟು ನೋಡಿಕೊಂಡರು, ಆಮೇಲೆ ನನ್ನನ್ನು. ಸಿಟ್ಟಿರಲಿಲ್ಲ, ಪ್ರೀತಿಯೇ ಇತ್ತು. ಅದಕ್ಕೇ ಇನ್ನಷ್ಟು ಕಷ್ಟವಾಯಿತು.

“ನನ್ನ ಕೈ ಹೆಸರು ಹೇಳಿ ಮಕ್ಕಳ ಕಾಲಡಿಗೆ ಇದನ್ನ ಹಾಸಬೇಡ. ಅಷ್ಟು ಕನಿಕರ ಇದ್ರೆ ಬಂದು ನಾಲ್ಕು ಸಾಕ್ಸ್ ಉಜ್ಜು.”

ಸಮಿತಿಯವರ ಕೈ ಎತ್ತಿಸಿದಾಗ ಆ ಕಡೆ ನಾಲ್ಕು, ಈ ಕಡೆ ನಾಲ್ಕು. ಉಳಿದವನು ನಾನು. ನನ್ನದೇ ಪ್ರಸ್ತಾವದ ವಿರುದ್ಧ ಕೈ ಎತ್ತಿದೆ. ಸಣ್ಣ ಮೈದಾನದ ನಿಜವಾದ ಹುಲ್ಲು ಹಾಗೇ ಉಳಿಯಿತು. ದೊಡ್ಡದರ ಬಾಗಿಲಲ್ಲಿ ಬೂಟು ಉಜ್ಜಿಕೊಳ್ಳಲು ಬ್ರಷ್ಷು ಬಂತು, ಮೋರಿಗೆ ಜಾಲರಿ ಬಂತು.

ಈಗ ಸೋಮವಾರ ಮಧ್ಯಾಹ್ನ ಕಾರ್ಯದರ್ಶಿಯವರನ್ನು ಕಾಣಬೇಕಿದ್ದರೆ ಒಗೆಯುವ ಕೋಣೆಗೇ ಬರಬೇಕು. ಅತ್ತಿಗೆ ಕುರ್ಚಿಯಲ್ಲಿ ರಾಣಿಯ ಹಾಗೆ ಕೂತು, “ಹಿಮ್ಮಡಿ ಹತ್ರ ನೋಡು, ಹಿಮ್ಮಡಿ!” ಎನ್ನುತ್ತಿರುತ್ತಾರೆ. ಮೊದಲ ದಿನ ನಾನು ಉಜ್ಜಿದ್ದರಲ್ಲಿ ಹನ್ನೊಂದು ತಿರುಗಿ ತೊಟ್ಟಿಗೆ ಬಿದ್ದವು. ಅವರ ಕೈ ಎಷ್ಟೋ ವಾಸಿ. ಬೈಗುಳಕ್ಕೂ ಹೊಸ ಕಸುವು ಬಂದಿದೆ.

ಅವರ ನೋವು ನನಗೆ ಗೊತ್ತಿರಲಿಲ್ಲ ಎಂದಲ್ಲ. ಅದಕ್ಕಾಗಿ ಇಡೀ ಮೈದಾನ ಬದಲಿಸಲು ಹೊರಟಿದ್ದೆ, ಅವರ ಪಕ್ಕ ನಿಂತು ಒಂದು ಜೊತೆ ಕಾಲುಚೀಲ ಉಜ್ಜಬಹುದಿತ್ತು ಎಂಬುದು ಮಾತ್ರ ಹೊಳೆದಿರಲಿಲ್ಲ.